ಮದುವೆ ಮನೆಗೆ ಒಂದು ದಿನ ಮೊದಲು

ಮದುವೆ ಫೋಟೊ ತೆಗೆಯುವ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗ ಹುಡುಗಿಯರು ಈಗಲೂ ಬೀದರಿನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು ಲೆನ್ಸಿನ ವಿಷಯ. ಯಾವ ಕಂಪನಿಯದು ಚಲೋ, ಯಾವುದರಲ್ಲಿ ಹಿಂದಿನದು ಮಸುಕಾಗಿ ಮುಖ ಮಾತ್ರ ಎದ್ದು ಕಾಣುತ್ತದೆ, ಇತ್ಯಾದಿ. ನಾನು ಚಹಾ ಕೊಟ್ಟು, "ಮದಿವಿ ಮನಿ ನೋಡಿ ಬಂದೀರೇನು?" ಎಂದು ಕೇಳುತ್ತೇನೆ. "ಮದಿವಿ ನಾಳಿಗಿ ಅದಲ್ರಿ ಮೇಡಂ, ನಾಳಿಗೇ ನೋಡ್ತೇವಿ" ಅನ್ನುತ್ತಾರೆ. ಅಲ್ಲಿಗೆ ನನಗೆ ಗೊತ್ತಾಗಿಬಿಡುತ್ತದೆ. ನಾಳೆ ಇವರು ಓಡಾಡಿ ಬೆವರುತ್ತಾರೆ, ಮದುಮಗಳನ್ನೂ ಬೆವರಿಸುತ್ತಾರೆ, ಊಟದ ಹೊತ್ತಿಗೆ ಎರಡೂ ಕಡೆಯವರ ಬೈಗುಳ ತಿನ್ನುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಸುಶೀಲಾ. ಬೀದರ್, ಭಾಲ್ಕಿ, ಔರಾದ ಈ ಮೂರೂ ಕಡೆಯ ಜನ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. 'ಫೋಟೊಬಾಯಿ' ಎಂದೇ ಕರೆಯುತ್ತಿದ್ದರು. ಅಪ್ಪ ಮಿಷನ್ ಶಾಲೆಯಲ್ಲಿ ಮಾಸ್ತರರು, ಅವ್ವ ನರ್ಸು. ನಮ್ಮ ಚರ್ಚಿನ ಮನೆಗಳ ಹೆಣ್ಣುಮಕ್ಕಳು ಒಂದೋ ಟೀಚರ್ ಆಗುತ್ತಿದ್ದರು, ಇಲ್ಲವೇ ನರ್ಸ್ ಆಗುತ್ತಿದ್ದರು. ನನಗೆ ಪಾಠ ಹೇಳುವ ತಾಳ್ಮೆಯೂ ಇರಲಿಲ್ಲ, ರಕ್ತ ನೋಡುವ ಧೈರ್ಯವೂ ಇರಲಿಲ್ಲ. ಚಿತ್ರ ಬರೆಯುವ ಹುಚ್ಚಿತ್ತು. ಕಾಳುಕಡಿ ಮಾರುವ ಪೇಟೆಯಾದ ಗಾಂಧಿ ಗಂಜಿನ ಹತ್ತಿರದ ಓಣಿಯಲ್ಲಿ ಮಕಬೂಲ್ ಸಾಹೇಬರ ಸ್ಟುಡಿಯೊ ಇತ್ತು. ಅವರ ಹೆಂಡತಿಯ ಬಾಣಂತನಕ್ಕೆ ಹೋಗುತ್ತಿದ್ದ ಅವ್ವ, ನನ್ನ ಮಗಳ ಕೈ ನಡುಗುವುದಿಲ್ಲ ಎಂದು ಅಲ್ಲಿ ಹೇಳಿ ಬಂದಳು. ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಕಲೆಗಳನ್ನು ತಿದ್ದುವ ಕೆಲಸ ಸಿಕ್ಕಿತು.

ಕ್ಯಾಮೆರಾ ಕೈಗೆ ಬಂದದ್ದು ಬೇರೆ ಕಾರಣಕ್ಕೆ. ಹಳೇ ಬೀದರಿನ ಮುಸಲ್ಮಾನರ ಮನೆಗಳಲ್ಲಿ ಹೆಂಗಸರ ಕಡೆಗೆ ಗಂಡಸು ಫೋಟೊಗ್ರಾಫರ್ ಹೋಗುವಂತಿರಲಿಲ್ಲ. ಮದುಮಗಳ ತಾಯಂದಿರು ಸಾಹೇಬರ ಬಳಿ ಬಂದು, ಒಳಗಿನ ಫೋಟೊ ಒಂದೂ ಇಲ್ಲ ಎಂದು ಗೋಳಾಡುತ್ತಿದ್ದರು. ಒಂದು ದಿನ ಸಾಹೇಬರು ತಮ್ಮ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿ, "ನೀ ಹೋಗು ಬೇಟಿ. ಬೆಳಕು ಎಲ್ಲಿಂದ ಬರ್ತದ ಅಷ್ಟ ನೋಡು, ಉಳಿದಿದ್ದು ತಾನೇ ಆಗ್ತದ" ಎಂದರು.

ಮನೆಯಲ್ಲಿ ಅಪ್ಪ ಒಪ್ಪಲಿಲ್ಲ. "ಹೆಣ್ಣುಮಗಳು ಕ್ಯಾಮೆರಾ ಹೊತ್ಕೊಂಡು ಊರೂರು ತಿರಗೋದೇನು?" ಎಂದು ಪೇಪರು ಮಡಚಿಟ್ಟರು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ಹೆರಿಗಿ ಚೀಲ ಹೊತ್ಕೊಂಡು ತಿರಗಿಲ್ಲೇನ್ರಿ? ಆಕಿ ಚೀಲದಾಗ ಬ್ಯಾರೆ ಸಾಮಾನು ಅದ, ಅಷ್ಟ" ಎಂದಳು. ಅಪ್ಪ ಮತ್ತೆ ಪೇಪರು ಬಿಡಿಸಿದರು.

ಸಾಹೇಬರು ಸಿಟ್ಟಿನ ಮನುಷ್ಯ. ನೆಗೆಟಿವ್ ಮೇಲೆ ಬೆರಳಚ್ಚು ಬಿದ್ದರೆ ಓಣಿಯ ಕೊನೆಯ ಹಮಾಲರಿಗೂ ಕೇಳುವಂತೆ ಬೈಯುತ್ತಿದ್ದರು. ಆದರೆ ಮದುವೆ ಮನೆಯ ಹೊಸ್ತಿಲು ದಾಟಿದರೆ ಅವರ ದನಿ ಬದಲಾಗುತ್ತಿತ್ತು. ಪ್ರತಿ ಮದುವೆಗೂ ಒಂದು ದಿನ ಮೊದಲು ಬರಿಗೈಯಲ್ಲಿ ಆ ಮನೆಗೆ ಹೋಗುತ್ತಿದ್ದರು. ಕ್ಯಾಮೆರಾ ಒಯ್ಯುತ್ತಿರಲಿಲ್ಲ, ಪರದೆಯ ಮನೆಗಳ ಒಳಗೆ ಮಾತ್ರ ನನ್ನನ್ನು ಕಳಿಸುತ್ತಿದ್ದರು. ಹುಡುಗಿಯ ತಾಯಿಯ ಜೊತೆ ಚಹಾ ಕುಡಿದು ಹರಟೆ ಹೊಡೆಯುತ್ತ ಕಿಟಕಿಗಳನ್ನು ನೋಡುತ್ತಿದ್ದರು. ಮದುಮಗಳು ಎಲ್ಲಿ ಕೂತು ಸಿಂಗಾರ ಮಾಡಿಕೊಳ್ಳುತ್ತಾಳೆ, ಆ ಹೊತ್ತಿಗೆ ಬಿಸಿಲು ಯಾವ ಗೋಡೆಗೆ ಬರುತ್ತದೆ, ಮನೆಯಲ್ಲಿ ಯಾರಿಗೆ ಯಾರ ಮೇಲೆ ಮುನಿಸಿದೆ, ಎದ್ದು ನಿಲ್ಲಲಾಗದ ಹಿರಿಯರು ಯಾರಾದರೂ ಇದ್ದಾರೆಯೇ, ಎಲ್ಲವನ್ನೂ ಮಾತಿನ ನಡುವೆಯೇ ತಿಳಿದುಕೊಳ್ಳುತ್ತಿದ್ದರು. ಮನೆಯವರಿಗೆ ಇದು ತನಿಖೆ ಅನ್ನಿಸುತ್ತಿರಲಿಲ್ಲ, ನೆಂಟರೊಬ್ಬರು ಬಂದು ಹೋದಂತೆ ಅನ್ನಿಸುತ್ತಿತ್ತು. ಮರುದಿನ ನಾವು ಕ್ಯಾಮೆರಾ ಹಿಡಿದು ಹೋದರೆ ಯಾರೂ ಮೈ ಬಿಗಿ ಮಾಡಿಕೊಳ್ಳುತ್ತಿರಲಿಲ್ಲ. ಫೋಟೊ ಚಂದ ಬರುವುದಕ್ಕೆ ಅದರಷ್ಟು ದೊಡ್ಡ ಉಪಾಯವನ್ನು ನಾನು ಇವತ್ತಿಗೂ ಕಂಡಿಲ್ಲ.

ವಿಡಿಯೊ ಹೊಸದಾಗಿ ಬಂದ ಕಾಲದಲ್ಲಿ ಈ ಪದ್ಧತಿ ಎಲ್ಲರಿಗೂ ಮರೆತುಹೋಯಿತು. ವಿಡಿಯೊದವರು ಸೂರ್ಯನಂಥ ದೀಪ ತಂದು ಮದುಮಗಳ ಮುಖದ ಎದುರು ಹಿಡಿಯುತ್ತಿದ್ದರು. ಬೀದರಿನ ಒಂದು ಮದುವೆಯಲ್ಲಿ ಮುಂಜಾನೆಯಿಂದ ಏನೂ ತಿನ್ನದ ಹುಡುಗಿ ಆ ಕಾವಿಗೆ ಕೂತಲ್ಲೇ ವಾಲಿದಳು. ಹೆಂಗಸರು ಗಾಬರಿಯಾಗಿ ನೀರು ಚಿಮುಕಿಸಿದರು. ವಿಡಿಯೊದವನು ಮಾತ್ರ, ಮುಖ ಒರೆಸಿ ಮತ್ತೆ ಕೂಡಿಸಿರಿ, ಅಕ್ಷತೆಯದ್ದು ಬಾಕಿ ಇದೆ ಎಂದ. ಸಾಹೇಬರು ಹೋಗಿ ಅವನ ದೀಪದ ವೈರು ಕಿತ್ತರು.

"ಮೊದ್ಲು ಕೂಸಿಗಿ ಉಣ್ಣಾಕ ಕೊಡ್ರಿ" ಎಂದು ಹುಡುಗಿಯ ತಾಯಿಗೆ ಹೇಳಿದರು. "ಹಸ್ದ ಹೊಟ್ಟಿ ನಗೂದಿಲ್ಲ. ಅದಕ್ಕ ನಕ್ಕಂಗ ಮಾಡು ಅಂದ್ರ ಅದು ಜುಲುಮ್ ಆಗ್ತದ."

ಹುಡುಗಿ ಒಳಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ಮೊಸರನ್ನ ಉಂಡಳು. ಅವಳ ತಂಗಿ ಕೈತುತ್ತು ಕೊಡುತ್ತ ಏನೋ ಹೇಳಿದಳು, ಇಬ್ಬರೂ ನಕ್ಕರು. ಆ ಫೋಟೊ ನಾನು ತೆಗೆದೆ. ದೀಪವಿಲ್ಲ, ಭಂಗಿಯಿಲ್ಲ. ಆ ಆಲ್ಬಮ್ಮಿನಲ್ಲಿ ಮನೆಯವರು ಮತ್ತೆ ಮತ್ತೆ ತೆರೆದು ನೋಡುತ್ತಿದ್ದದ್ದು ಅದೊಂದೇ ಪುಟ ಎಂದು ಆಮೇಲೆ ತಿಳಿಯಿತು.

ಸಾಹೇಬರಿಂದಲೂ ಎಡವಟ್ಟು ಆಗುತ್ತಿತ್ತು. ಒಂದು ಮದುವೆಯಲ್ಲಿ ಅವರ ಫಿಲ್ಮ್ ರೋಲು ಕ್ಯಾಮೆರಾದೊಳಗಿನ ಚಕ್ರದ ಹಲ್ಲುಗಳಿಗೆ ಸಿಕ್ಕಿರಲೇ ಇಲ್ಲ, ಮುಂದೆ ಸರಿದಿರಲೇ ಇಲ್ಲ. ಗಂಡುಹೆಣ್ಣಿನ ಜೋಡಿ ಫೋಟೊಗಳೆಂದು ಕ್ಲಿಕ್ ಮಾಡಿದ್ದೆಲ್ಲ ಬರೀ ಸಪ್ಪಳ. ಕತ್ತಲೆ ಕೋಣೆಯಿಂದ ಹೊರಬಂದವರ ಮುಖ ಬಿಳಿಚಿಕೊಂಡಿತ್ತು. ಆದರೆ ಮುಚ್ಚಿಡಲಿಲ್ಲ. ನೇರ ಆ ಮನೆಗೆ ಹೋಗಿ, "ನನ್ನ ಕೈ ತಪ್ಪೇದ. ಹೊಸಾ ಜೋಡೀನ ಇನ್ನೊಮ್ಮಿ ಕಳಸ್ರಿ" ಎಂದು ಕೇಳಿಕೊಂಡರು. ಗಂಡಿನ ಅಪ್ಪ ಒಂದಿಷ್ಟು ಕೂಗಾಡಿ, ಕೊನೆಗೆ ಒಪ್ಪಿದರು. ಎರಡು ದಿನದ ಮೇಲೆ ಅದೇ ಸೀರೆ, ಅದೇ ಶೇರವಾನಿ ತೊಟ್ಟು ಜೋಡಿ ಸ್ಟುಡಿಯೊಗೆ ಬಂತು. ಸುತ್ತ ಅತ್ತೆಯಿಲ್ಲ, ಮಾವನಿಲ್ಲ, ಊಟಕ್ಕೆ ಕಾಯುವ ಪಂಗತಿಯಿಲ್ಲ. ಮದುವೆ ದಿನ ಒಬ್ಬರ ಮುಖ ಒಬ್ಬರು ನೋಡಲು ನಾಚಿದವರು ಈಗ ಪಿಸುಪಿಸು ಮಾತಾಡುತ್ತಿದ್ದರು. ಹುಡುಗ ತನ್ನ ರುಮಾಲು ಸರಿಮಾಡಿಕೊಳ್ಳಲಾರದೆ ಒದ್ದಾಡಿದ, ಹುಡುಗಿ ಎದ್ದು ತಾನೇ ಸುತ್ತಿದಳು. ಆ ಚಿತ್ರಗಳನ್ನು ತೊಳೆದು ಒಣಗಿಸುವಾಗ ಸಾಹೇಬರು, "ಇನ್ನ ಮುಂದ ಎಲ್ಲಾರಿಗೂ ಹಿಂಗೇ ಮಾಡೋಣು. ಗದ್ದಲದಾಗ ಜೋಡಿ ಫೋಟೊ ತಗದ್ರ ಗದ್ದಲದ್ದೇ ಫೋಟೊ ಬರ್ತದ" ಎಂದರು. ಆಗಿನಿಂದ ಜೋಡಿಗೆಂದು ಬೇರೆ ಹೊತ್ತು ಗೊತ್ತುಮಾಡುವುದು ನಮ್ಮ ಸ್ಟುಡಿಯೊದ ಪದ್ಧತಿಯಾಯಿತು. ಈಗಿನವರು ಮದುವೆಗೆ ಮೊದಲೇ ಕೋಟೆಗೆ ಹೋಗಿ ಫೋಟೊ ತೆಗೆಸಿಕೊಂಡರೆ ಹಿರಿಯರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಇಬ್ಬರಿಗೂ ಕ್ಯಾಮೆರಾದ ಹೆದರಿಕೆ ಹೋಗುತ್ತದಲ್ಲ, ಅದೇ ಲಾಭ.

ಸಾಹೇಬರ ಕಣ್ಣು ಮಂಜಾದ ಮೇಲೆ ಹೊರಗಿನ ಮದುವೆಗಳೆಲ್ಲ ನನ್ನ ಪಾಲಿಗೆ ಬಂದವು. ಭಾಲ್ಕಿಯಲ್ಲಿ ಒಂದು ದೊಡ್ಡ ಮದುವೆ. ಗುಂಪು ಫೋಟೊದ ಹೊತ್ತಿಗೆ ವೇದಿಕೆಯ ಮೇಲೆ ಜಾತ್ರೆ. ಹೆಣ್ಣಿನ ಕಡೆಯವರು ಮೊದಲು ನಿಲ್ಲಬೇಕೋ ಗಂಡಿನ ಕಡೆಯವರೋ ಎಂದು ಇಬ್ಬರು ಮಾವಂದಿರು ತೋಳೇರಿಸಿದರು. ನನಗೆ ಯಾರ ಹೆಸರೂ ಗೊತ್ತಿಲ್ಲ, "ಹಸರು ಸೀರಿ ಅಕ್ಕಾ, ಜರಾ ಈ ಕಡಿ ಬರ್ರಿ" ಎಂದು ಕೂಗಿ ಕೂಗಿ ಗಂಟಲು ಹರಿಯಿತು. ಆಗ ಹೆಣ್ಣಿನ ಸೋದರತ್ತೆ ಕಾಶಿಬಾಯಿ ಎಂಬಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕದಲ್ಲಿ ಬಂದು ನಿಂತಳು.

"ನೀ ಡಬ್ಬಿ ನೋಡ್ಕೋ ಬಾಯಿ. ಮಂದೀನ ನಾ ನೋಡ್ಕೋತೇನಿ" ಎಂದಳು. ಆಮೇಲೆ ಶುರುವಾಯಿತು ನೋಡಿ. "ಹುಡುಗನ ಅಜ್ಜಿ ಬರ್ಲಿ ಮೊದ್ಲ, ಆಕೀಗಿ ಕಾಲು ನೋವದ! ಏ ಶರಣಪ್ಪ, ನೀ ಯಾವ ಕಡಿಯಾಂವೋ, ಎಲ್ಲಾ ಫೋಟೊದಾಗೂ ನಿಂದೇ ಮಾರಿ ಅದಲ್ಲ, ಇಳಿ ಕೆಳಗ!"

ಮಂಟಪ ತುಂಬ ನಗು. ತೋಳೇರಿಸಿದ ಮಾವಂದಿರೂ ನಕ್ಕರು, ನಗುವಾಗಲೇ ನಾನು ಒತ್ತಿದೆ. ಅಂದಿನಿಂದ ಹಿಂದಿನ ದಿನ ಹೋದಾಗ ಎರಡೂ ಕಡೆ ಒಬ್ಬೊಬ್ಬ ಕಾಶಿಬಾಯಿಯನ್ನು ಹುಡುಕಿಕೊಂಡು ಬರುತ್ತಿದ್ದೆ. ಎಲ್ಲರ ಹೆಸರು ಬಲ್ಲ, ಯಾರಿಗೂ ಹೆದರದ ಅತ್ತೆಯೊಬ್ಬಳು ಎಲ್ಲ ಮನೆಯಲ್ಲೂ ಇರುತ್ತಾಳೆ. ಆಕೆಯ ಮೇಲೆ ಗುಂಪಿನ ಭಾರ ಹಾಕಿ, ಹಿರಿಯರನ್ನು ಊಟಕ್ಕೆ ಮೊದಲೇ ಮುಗಿಸಿ, ನಡುವೆ ಅರ್ಧ ತಾಸು ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಖಾಲಿ ಬಿಡಬೇಕು. ಮದುವೆಯಲ್ಲಿ ಏನಾದರೂ ತಡವಾಗಿಯೇ ಆಗುತ್ತದೆ. ಖಾಲಿ ಹೊತ್ತು ಇದ್ದರೆ ತಡವನ್ನು ಅದು ನುಂಗಿಕೊಳ್ಳುತ್ತದೆ, ಮದುಮಗಳ ಮುಖಕ್ಕೆ ತಟ್ಟುವುದಿಲ್ಲ.

ಇಷ್ಟೆಲ್ಲ ಕಲಿತೆ ಎಂದುಕೊಂಡಿದ್ದಾಗಲೇ ಆ ಬರದ ವರ್ಷಗಳು ಬಂದವು.

ಔರಾದ ಕಡೆಯ ಹಳ್ಳಿಗಳಲ್ಲಿ ಮೋಡ ಬಂದು ಬಂದು ಹೋದವು. ತೊಗರಿ ಹೂವಿಗೇ ಬರಲಿಲ್ಲ. ಬಾವಿಯಲ್ಲಿ ಕೊಡದ ತಳ ಕಲ್ಲಿಗೆ ತಾಗುವ ಸದ್ದು ಕೇಳುತ್ತಿತ್ತು. ಗಾಂಧಿ ಗಂಜಿನಲ್ಲಿ ಕೈಗಾಡಿಗಳು ಮಗುಚಿಕೊಂಡು ಬಿದ್ದಿದ್ದವು. ಜನ ಹೈದರಾಬಾದಿಗೆ, ಪುಣೆಗೆ, ಕಬ್ಬಿನ ಸೀಮೆಗೆ ಗುಂಪುಗುಂಪಾಗಿ ಹೊರಟರು. ಮದುವೆಗಳು ನಿಲ್ಲಲಿಲ್ಲ, ಸಣ್ಣದಾದವು. ಊರಿಗೆ ಬಂದವರು ಮರಳಿ ಹೋಗುವುದರೊಳಗೆ ಮುಗಿಸಬೇಕಿತ್ತು. ನಾನು ಅದುವರೆಗೆ ಬೆಳಕಿಗೆ ತಕ್ಕಂತೆ ಹೊತ್ತು ಗೊತ್ತು ಮಾಡುತ್ತಿದ್ದವಳು ಈಗ ಬಸ್ಸು ಲಾರಿಗಳಿಗೆ ತಕ್ಕಂತೆ ಮಾಡತೊಡಗಿದೆ.

ದೀಪಾವಳಿ ಮುಗಿದ ದಿನಗಳು. ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಪ್ರಜ್ಞಾ ಎಂಬ ಹುಡುಗಿ ಸ್ಟುಡಿಯೊಗೆ ಬಂದಳು. ಠಾಣಾ ಕುಶನೂರಿನ ಬೌದ್ಧ ಮನೆತನದವಳು. ಭಾಲ್ಕಿಯ ಶಾಲೆ ಮಾಸ್ತರನ ಜೊತೆ ಮದುವೆ ಗೊತ್ತಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು ಹೇಳಿದಳು.

"ಭಾಳ ಫೋಟೊ ಬ್ಯಾಡ್ರಿ ಬಾಯಿ. ನಮ್ಮ ಮನಿ ಮಂದಿ ಎಲ್ಲಾರೂ ಕೂಡಿದ್ದು ಒಂದು ಸಾಕ್ರಿ. ನಮ್ಮಣ್ಣ ಮಿಲಿಂದ ಪುಣೆದಾಗ ಬಿಲ್ಡಿಂಗ್ ಕೆಲಸಕ್ಕ ಹಾನ. ಗುಂಡಪ್ಪ ಕಾಕಾ ಮನಿ ಮಂದಿ ಸಮೇತ ಕಬ್ಬಿಗಿ ಹೋಗ್ತಾನ. ಒಬ್ರು ಬಂದ್ರ ಒಬ್ರು ಇರಲ್ರಿ. ಅಪ್ಪ ತೀರಿದಾಗೂ ಎಲ್ಲಾರೂ ಒಮ್ಮಿ ಕೂಡ್ಲಿಲ್ಲ."

ಮದುವೆಯ ದಿನ ಮಧ್ಯಾಹ್ನವೇ ಅವಳ ಚಿಕ್ಕಪ್ಪ ಗುಂಡಪ್ಪ ಕಾಕಾನ ಗುಂಪನ್ನು ಕಬ್ಬು ಕಡಿಯಲು ಒಯ್ಯುವ ಲಾರಿ ಹೊರಡುವುದಿತ್ತು. ಅಣ್ಣ ಅದೇ ಮುಂಜಾನೆ ಪುಣೆಯಿಂದ ಉದಗೀರಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಊರು ಸೇರುವುದಿತ್ತು. ನಡುವೆ ಇದ್ದದ್ದು ಎರಡು ತಾಸು. ನಾನು ಯಾವತ್ತಿನಂತೆ ಹಿಂದಿನ ದಿನವೇ ಕುಶನೂರಿಗೆ ಹೋದೆ.

ತಗಡಿನ ಮನೆ, ಕಿಟಕಿ ಚಿಕ್ಕದು. ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ನೇರ ನೆತ್ತಿಯ ಮೇಲೆ ಬಂದು ಎಲ್ಲರ ಕಣ್ಣ ಕೆಳಗೂ ಕಪ್ಪು ಮಾಡುತ್ತಿತ್ತು. ಬುದ್ಧ ವಿಹಾರದ ಮುಂದೆ ಬೇವಿನ ಗಿಡವಿತ್ತು, ಅದರ ನೆರಳು ಮುಂಜಾನೆ ಒಳ್ಳೆಯದಿತ್ತು. ಪ್ರಜ್ಞಾಳ ತಾಯಿ ರುಕ್ಮಿಣಿಬಾಯಿಗೆ, "ಅಣ್ಣ ಬಂದ ಕೂಡ್ಲೆ, ಮದಿವಿಕಿಂತ ಮೊದ್ಲೇ ಮನಿ ಮಂದಿ ಫೋಟೊ ಮುಗಿಸೋಣ್ರಿ" ಎಂದೆ. ಆಕೆ, "ಆಗ್ಲಿ ತಗೋರಿ. ಫೋಟೊ ತಪ್ಪಿ ಹೋಗೂದಕ್ಕಿಂತ ಮೊದ್ಲಾದ್ರ ಏನಾಯ್ತು?" ಎಂದಳು. ಮದುವೆ ನಡೆಸಿಕೊಡುವ ನಿವೃತ್ತ ಮಾಸ್ತರರನ್ನೂ ಕಂಡೆ. ಟ್ಯಾಂಕರ್ ನೀರಿಗೆ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಿದ್ದರು. "ನಮ್ಮಲ್ಲಿ ಮುಹೂರ್ತದ ಕಟ್ಟು ಇಲ್ರಿ. ನಿಮಗ ಹ್ಯಾಂಗ ಅನುಕೂಲ ಹಂಗ ಮಾಡ್ರಿ" ಎಂದು ಧೈರ್ಯ ಕೊಟ್ಟರು. ಸಮಾಧಾನವಾಗಿ ಅವರ ಮನೆಯಲ್ಲೇ ಉಳಿದುಕೊಂಡೆ.

ಬೆಳಗಾಯಿತು. ಗಂಡಿನ ಕಡೆಯವರು ಭಾಲ್ಕಿಯಿಂದ ಹೇಳಿದ ಹೊತ್ತಿಗೇ ಬಂದರು. ಅಣ್ಣನ ಬಸ್ಸು ಬರಲಿಲ್ಲ. ಪ್ರಜ್ಞಾ ಅವರ ಪದ್ಧತಿಯಂತೆ ಬಿಳಿ ಸೀರೆಯುಟ್ಟು, ಹೂ ಮುಡಿದು, ಹೊಸ್ತಿಲಲ್ಲಿ ನಿಂತು ರಸ್ತೆಯ ಕಡೆಗೇ ನೋಡುತ್ತಿದ್ದಳು. ಅಷ್ಟರಲ್ಲಿ ರಸ್ತೆಯಲ್ಲಿ ಧೂಳು ಎದ್ದಿತು. ಎಲ್ಲರೂ ಬಸ್ಸೆಂದುಕೊಂಡರು. ಬಂದದ್ದು ಲಾರಿ. ಕಬ್ಬು ಕಡಿಯುವ ಗುಂಪನ್ನು ಕರೆದೊಯ್ಯುವ ಮುಖಂಡ, ಮುಕಾದಮ ಎನ್ನುತ್ತಾರೆ, ಮಧ್ಯಾಹ್ನ ಬರಬೇಕಾದವನು ಬೆಳಿಗ್ಗೆಯೇ ಬಂದಿದ್ದ.

"ಫ್ಯಾಕ್ಟರಿ ಸುರು ಆಗ್ಯಾದ. ಈಗೇ ಹೊಂಡ್ಬೇಕು. ಸಾಮಾನು ಏರ್ಸ್ರಿ" ಎಂದು ಲಾರಿಯಿಂದ ಇಳಿಯದೆ ಕೂಗಿದ.

ಗುಂಡಪ್ಪ ಕಾಕಾ ಹೊಸ ಅಂಗಿ ತೊಟ್ಟಿದ್ದ. ಒಳಗೆ ಹೋಗಿ ಗಂಟು ಹೊತ್ತು ತಂದ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಪ್ರಜ್ಞಾ ಓಡಿ ಬಂದು ಗಂಟಿನ ಮೇಲೆ ಕೈಯಿಟ್ಟಳು.

"ಕಾಕಾ, ನನ್ನ ಮದಿವಿ ನೋಡ್ದೇ ಹೋಗ್ತೀರಿ?"

"ಗಾಡಿ ನಿಂದ್ರಲ್ಲವ್ವ. ನಾ ಒಬ್ಬಾಂವ ಆದ್ರ ನಿಲ್ತಿದ್ದೆ. ಎಲ್ಲಾರೂ ನನ್ನ ಮ್ಯಾಲ ನಂಬಿ ಹೊಂಟಾರ" ಎಂದ ಕಾಕಾ.

ನಾನು ಹಿಂದಿನ ದಿನ ಹಾಕಿದ ಲೆಕ್ಕವೆಲ್ಲ ಅಲ್ಲಿಗೆ ಮುಗಿದಂತಾಯಿತು. ಆದರೆ ಹಿಂದಿನ ದಿನ ಎಲ್ಲರ ಜೊತೆ ಕೂತು ಮಾತಾಡಿದ್ದರಿಂದ ಒಂದು ಉಪಯೋಗವಾಯಿತು. ಯಾರನ್ನು ಏನು ಕೇಳಬಹುದು ಎಂಬುದು ನನಗೆ ಗೊತ್ತಿತ್ತು. ನಿವೃತ್ತ ಮಾಸ್ತರರ ಕಡೆ ಓಡಿದೆ. "ಗುರೂಜಿ, ಈಗಿಂದೀಗ ಮದಿವಿ ಸುರು ಮಾಡಕ ಆಗ್ತದೇನ್ರಿ?"

"ಗಂಡು ಬಂದಾನ, ಹೆಣ್ಣು ತಯಾರದಾಳ. ಯಾಕ ಆಗಲ್ಲ?" ಎಂದವರೇ ಶಾಲು ಹೊದ್ದು ಹೊರಟರು.

ಆಮೇಲೆ ಮುಕಾದಮನ ಬಳಿ ಹೋದೆ. ಲಾರಿಯ ಮೆಟ್ಟಿಲ ಮೇಲೆ ಕಾಲಿಟ್ಟು ಬೀಡಿ ಸೇದುತ್ತಿದ್ದ. "ಅಣ್ಣಾರೆ, ಬರೇ ಅರ್ಧ ತಾಸು ಕೊಡ್ರಿ. ಮದಿವಿ ಮುಗಿತದ. ಕಾಕಾ ಹೂ ಹಾಕಿ ಬರ್ತಾನ."

"ದಿನಾ ಎಲ್ಲಾರ ಮನ್ಯಾಗೂ ಒಂದೊಂದು ಕತಿ ಇರ್ತಾವ್ ಬಾಯಿ" ಎಂದ. ಮುಖ ಗಡುಸಾಗಿತ್ತು.

ಆಗ ರುಕ್ಮಿಣಿಬಾಯಿ ಬಂದಳು. ಅವನಿಗೆ ಕೈಮುಗಿಯಲಿಲ್ಲ, ಬೇಡಿಕೊಳ್ಳಲಿಲ್ಲ. "ನೀನೂ ಮುಂಜಾನಿಂದ ಉಂಡಿಲ್ಲ ಅಂತ ಮಾರಿ ಮ್ಯಾಲ ಕಾಣ್ತದ ತಮ್ಮಾ. ನನ್ನ ಮಗಳ ಮದಿವಿ ಅದ. ಇಳಿದು ಒಳಗ ಬಾ" ಎಂದಳು.

ಅವನು ಬೀಡಿ ಆರಿಸಿ ಕೆಳಗಿಳಿದ.

ವಿಹಾರದಲ್ಲಿ ಬುದ್ಧ, ಧಮ್ಮ, ಸಂಘಕ್ಕೆ ಶರಣೆನ್ನುವ ತ್ರಿಸರಣ ಹೇಳಿದರು, ಪಂಚಶೀಲ ಹೇಳಿದರು. ಲಾರಿಯಲ್ಲಿ ಕೂತಿದ್ದ ಬೇರೆ ಊರಿನ ಕೂಲಿಯವರೂ ಇಳಿದು ಬಂದು ಹಿಂದೆ ನಿಂತರು. ಹಾರ ಬದಲಾಯಿಸುವಾಗ ಸುರಿದ ಹೂವಿನಲ್ಲಿ ಹೆಚ್ಚಿನದು ಆ ಗುರುತಿಲ್ಲದ ಜನರ ಕೈಯಿಂದಲೇ ಬಿತ್ತು. ಪ್ರಜ್ಞಾ ಹಾರ ಹಾಕಿ, ಮೊದಲು ಕಾಕಾನ ಕಡೆ ನೋಡಿ ನಕ್ಕಳು. ಆಮೇಲೆ ಮತ್ತೆ ರಸ್ತೆಯ ಕಡೆ ತಿರುಗಿದಳು. ಅಣ್ಣ ಇನ್ನೂ ಬಂದಿರಲಿಲ್ಲ.

ಹೊರಡುವ ಹೊತ್ತಾಯಿತು. ಬಾಯಿ ಒರೆಸಿಕೊಳ್ಳುತ್ತ ಬಂದ ಮುಕಾದಮನನ್ನು ಕೇಳಿದೆ. "ನಿಮ್ಮ ಲಾರಿ ಯಾ ಕಡಿಂದ ಹೋಗ್ತದ್ರಿ?"

"ಕಮಲನಗರ, ಅಲ್ಲಿಂದ ಉದಗೀರ್."

ಮಿಲಿಂದನ ಬಸ್ಸು ಬರುವ ರಸ್ತೆಯೂ ಅದೇ. ನಾನು ಪ್ರಜ್ಞಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅವಳ ಗಂಡ ಸುಭಾಷ ಮಿತಭಾಷಿ. ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಈಗ ಮುಂದೆ ಬಂದು, "ಮತ್ತ ನಾವೂ ಲಾರಿ ಹತ್ತೋಣ. ಎಲ್ಲಿ ಬಸ್ಸು ಸಿಗ್ತದ ಅಲ್ಲೇ ಇಳಿಯೋಣ" ಎಂದ. ಎಲ್ಲರೂ ಅವನನ್ನೇ ನೋಡಿದರು. ಅವನು ಹಾರ ಸರಿಮಾಡಿಕೊಂಡು ಲಾರಿಯ ಹಲಗೆ ಹಿಡಿದು ಹತ್ತಿದ, ಹೆಂಡತಿಗೆ ಕೈಕೊಟ್ಟ. ಆ ಫೋಟೊ ನನ್ನ ಬಳಿ ಇದೆ. ಬಿಳಿ ಸೀರೆಯ ಹುಡುಗಿ ಒಂದು ಕಾಲು ಟೈರಿನ ಮೇಲಿಟ್ಟು ಕೈಚಾಚಿದ್ದಾಳೆ.

ರುಕ್ಮಿಣಿಬಾಯಿ ಲಾಡಿನ ಡಬ್ಬಿ ಏರಿಸಿ ತಾನೂ ಹತ್ತಿದಳು. ಮಾಸ್ತರರೂ ನಾನೂ ಹತ್ತಿದೆವು. ಕುಶನೂರು ದಾಟಿ ಬಹಳ ದೂರ ಹೋಗಿರಲಿಲ್ಲ, ಎದುರಿನಿಂದ ಕೆಂಪು ಬಸ್ಸು ಬಂತು. ಲಾರಿಯ ಡ್ರೈವರ್ ಹಾರನ್ ಒತ್ತಿದ. ಲಾರಿಯ ತುಂಬ ನಿಂತ ಜನ ಕೈಬೀಸಿ ಕೂಗಿದರು. ಬಸ್ಸಿನವನು ಗಾಬರಿಯಿಂದ ಬ್ರೇಕ್ ಹಾಕಿದ. ಕಿಟಕಿಯಿಂದ ತಲೆ ಹೊರಹಾಕಿದ ಮಿಲಿಂದ ಲಾರಿಯ ಮೇಲೆ ಮದುಮಗಳಾಗಿ ನಿಂತ ತಂಗಿಯನ್ನು ನೋಡಿ, "ಏ ಪ್ರಜ್ಞಾ! ಇದೇನಿದು?" ಎಂದವನು ಬಾಗಿಲಿಗೆ ಬರುವವರೆಗೂ ಅಳುತ್ತಿದ್ದ, ನಗುತ್ತಿದ್ದ. ಉದಗೀರದ ಹತ್ತಿರ ಬಸ್ಸು ಕೆಟ್ಟು ನಿಂತಿತ್ತಂತೆ.

ಬಿಸಿಲು ಏರಿತ್ತು. ಸುತ್ತ ಗಿಡವಿಲ್ಲ. ನಾನು ಲಾರಿ ಡ್ರೈವರನಿಗೆ ಗಾಡಿಯನ್ನು ರಸ್ತೆಯಂಚಿಗೆ ಸ್ವಲ್ಪ ಓರೆಯಾಗಿ ನಿಲ್ಲಿಸಲು ಹೇಳಿದೆ. ಅದರ ಮಗ್ಗುಲಲ್ಲಿ ಒಂದು ಉದ್ದನೆಯ ನೆರಳು ಬಿತ್ತು. ಇಬ್ಬರು ಲಾರಿಗೆ ಹೊದಿಸುವ ತಾಡಪತ್ರಿ ಬಿಚ್ಚಿ ಮೇಲಿನಿಂದ ಚಾಚಿ ಹಿಡಿದರು, ನೆರಳು ಅಗಲವಾಯಿತು. ಎದುರಿನ ಒಣಗಿದ ಬಿಳಿ ಹೊಲದಿಂದ ಬೆಳಕು ಮೆತ್ತಗೆ ಎದ್ದು ಎಲ್ಲರ ಮುಖಕ್ಕೆ ಬಂತು. ಯಾವ ಸ್ಟುಡಿಯೊದಲ್ಲೂ ಅಂಥ ಬೆಳಕು ನನಗೆ ಸಿಕ್ಕಿರಲಿಲ್ಲ.

ನನಗೆ ಅವಸರವಿತ್ತು, ಆದರೆ ಅವಸರ ತೋರಿಸಲಿಲ್ಲ. ಕ್ಯಾಮೆರಾ ಕೆಳಗಿಟ್ಟು ಮೊದಲು ಲಾಡು ಹಂಚಲು ಹೇಳಿದೆ. ಅಣ್ಣ ತಂಗಿಗೆ ತಿನ್ನಿಸಿದ, ಕಾಕಾ ಅಳಿಯನಿಗೆ ತಿನ್ನಿಸಿದ. ರುಕ್ಮಿಣಿಬಾಯಿ ಗಂಟಿನ ಮೇಲೆ ಕೂತಳು, ಕಾಕಾನ ಮಕ್ಕಳು ಆಕೆಯ ಕಾಲ ಬುಡದಲ್ಲಿ. ಬಸ್ಸಿನ ಕಿಟಕಿಗಳಿಂದ ಜನ, "ಕಾಕಾಗ ನಗು ಅನ್ರಿ!" ಎಂದು ಕೂಗಿದರು. ಕಾಕಾ ನಕ್ಕ. ಎಲ್ಲರೂ ನಕ್ಕರು. ಒಂದು, ಇನ್ನೊಂದು, ಮತ್ತೊಂದು ಎಂದು ತೆಗೆದೆ. ಬಸ್ಸಿನ ಕಂಡಕ್ಟರು ಸೀಟಿ ಊದಲು ಬಾಯಿಗಿಟ್ಟವನು ಹಾಗೇ ನಿಂತು ನೋಡುತ್ತಿದ್ದ.

ಆಮೇಲೆ ಲಾರಿ ಅತ್ತ ಹೋಯಿತು. ನಾವು ಬಸ್ಸು ಹತ್ತಿ ಊರಿಗೆ ಮರಳಿದೆವು. ಯಾರೂ ನೋಡುತ್ತಿಲ್ಲ ಎಂದುಕೊಂಡು ಸುಭಾಷ ಹೆಂಡತಿಯ ಕೂದಲಲ್ಲಿ ಕೂತ ಧೂಳು ಒರೆಸುತ್ತಿದ್ದ. ನಾನೂ ನೋಡದವಳಂತೆ ಕಿಟಕಿಯ ಕಡೆ ತಿರುಗಿದೆ. ಆ ಫೋಟೊ ತೆಗೆಯಲಿಲ್ಲ. ಎಲ್ಲವನ್ನೂ ತೆಗೆಯಬೇಕೆಂದಿಲ್ಲ ಎಂಬುದನ್ನೂ ಹೊಸಬರು ಕಲಿಯಬೇಕು.

ಆ ಚಿತ್ರದ ಪ್ರತಿಗಳನ್ನು ಪ್ರಜ್ಞಾ ಎಲ್ಲ ಮನೆಗಳಿಗೂ ಮುಟ್ಟಿಸಿದಳು. ಒಂದು ಪುಣೆಗೆ ಹೋಯಿತು, ಒಂದು ಕಬ್ಬಿನ ಗದ್ದೆಯ ಗುಡಿಸಲಿಗೆ ಹೋಯಿತು. ಅದನ್ನು ನೋಡಿ ಔರಾದ ಕಡೆಯ ಎಷ್ಟೋ ಮನೆಗಳವರು, ದುಡಿಯಲು ಹೊರಡುವ ಮೊದಲು ಎಲ್ಲರೂ ಕೂಡಿ ಒಂದು ಫೋಟೊ ತೆಗೆಸಿಕೊಳ್ಳಲು ನನ್ನನ್ನು ಕರೆಯತೊಡಗಿದರು. ಮದುವೆಯೇ ಇಲ್ಲದ ಫೋಟೊಗಳಿಗೂ ಒಂದು ದಿನ ಮೊದಲೇ ಹೋಗಿ ಕೂತು ಮಾತಾಡಿ ಬರುತ್ತಿದ್ದೆ.

ನಡುವೆ ರೋಲು ಹೋಯಿತು, ಮೆಮೊರಿ ಕಾರ್ಡು ಬಂತು. ಸಾಹೇಬರು ಹೊಸ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, "ಇದರಾಗ ಫೋಟೊ ತೀರೂದೇ ಇಲ್ಲೇನು? ಹಂಗಾದ್ರ ಜನ ನೋಡೂದು ಬಿಟ್ಟು ಒತ್ತಕೋತ ಹೋಗ್ತಾರ" ಎಂದಿದ್ದರು. ಅರ್ಧ ನಿಜವಾಯಿತು. ಆದರೆ ಹೊಸ ಕ್ಯಾಮೆರಾದಿಂದ ಒಳಿತೂ ಆಯಿತು. ತೆಗೆದದ್ದನ್ನು ಆಗಲೇ ಮದುಮಗಳಿಗೆ ತೋರಿಸಬಹುದು. ತಾನು ಚಂದ ಕಾಣುತ್ತಿದ್ದೇನೆ ಎಂದು ಗೊತ್ತಾದ ಹುಡುಗಿಯ ಭುಜ ಹೇಗೆ ಸಡಿಲವಾಗುತ್ತದೆ ಎಂದು ನೋಡಬೇಕು. ಡ್ರೋನ್ ಬಗ್ಗೆ ನನಗೆ ತಕರಾರಿಲ್ಲ, ಅಕ್ಷತೆಯ ಹೊತ್ತಿಗೆ ಎಲ್ಲರೂ ಮೇಲೆ ನೋಡುತ್ತ ನಿಲ್ಲದಿದ್ದರೆ ಸಾಕು.

ಮಳೆ ಮರಳಿ ಬಂತು, ಎಲ್ಲ ವರ್ಷ ಅಲ್ಲದಿದ್ದರೂ. ಗುಂಡಪ್ಪ ಕಾಕಾ ಕಬ್ಬಿಗೆ ಹೋಗುವುದು ಬಿಟ್ಟು, ಹೆಂಡತಿಯ ತವರಾದ ಚಿಂತಾಕಿಯಲ್ಲಿ ಹೊಲ ಮಾಡಿಕೊಂಡು ನಿಂತ. ಅವನ ಮಗಳು ಓದಿ ಔರಾದಿನಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾದಳು. ಅವಳ ಮದುವೆಗೆ ಹೋಗುವ ಹೊತ್ತಿಗೆ ನನ್ನ ಮೊಣಕಾಲು ಕೈಕೊಟ್ಟಿದ್ದವು, ಕ್ಯಾಮೆರಾ ಕೆಳಗಿಡುವ ಮಾತು ಮನೆಯಲ್ಲಿ ನಡೆದಿತ್ತು. ಪ್ರಜ್ಞಾಳೇ ಫೋನ್ ಮಾಡಿ, "ನೀವೇ ಬರ್ಬೇಕ್ರಿ ಬಾಯಿ" ಎಂದಳು. ಹೋದೆ.

ಮದುವೆ ಮುಗಿದು ಊಟವೂ ಆಯಿತು. ಮನೆ ಮಂದಿಯ ಫೋಟೊಗೆ ಎಲ್ಲರೂ ಹೊಲದ ಬದುವಿನ ಮೇಲೆ ಸೇರಿದರು. ಮಿಲಿಂದ ಹೆಂಡತಿ ಮಕ್ಕಳ ಜೊತೆ ಪುಣೆಯಿಂದ ಬಂದಿದ್ದ. ಸುಭಾಷ ಕನ್ನಡಕ ಹಾಕಿಕೊಂಡಿದ್ದ. ರುಕ್ಮಿಣಿಬಾಯಿ ಕುರ್ಚಿಯಲ್ಲಿ ಕೂತಿದ್ದಳು. ಹಿಂದೆ ತೊಗರಿ ಹಳದಿ ಹೂಬಿಟ್ಟು ಎದೆಮಟ್ಟ ನಿಂತಿತ್ತು. ಆದರೆ ಬಿಸಿಲು ಇನ್ನೂ ಚುರುಕಾಗಿತ್ತು, ಎಲ್ಲರೂ ಕಣ್ಣು ಕಿರಿದು ಮಾಡುತ್ತಿದ್ದರು.

ನಾನು ಸಂಕೋಚದಿಂದ, "ಇನ್ನ ಜರಾ ಹೊತ್ತು ಕಾದ್ರ ಬೆಳಕು ಚಲೋ ಆಗ್ತದ್ರಿ. ನಿಮಗ ತ್ರಾಸ ಆಗ್ತದೇನೋ" ಎಂದೆ.

ಗುಂಡಪ್ಪ ಕಾಕಾ ಟವೆಲ್ ಹಾಸಿ ಬದುವಿನ ಮೇಲೆ ಕೂತು, ಪಕ್ಕದಲ್ಲಿ ನನಗೂ ಜಾಗ ತೋರಿಸಿದ.

"ಕುಂದ್ರು ಬಾಯಿ. ಇವತ್ತ ಯಾರಿಗೂ ಯಾ ಗಾಡಿನೂ ಹಿಡಿಯೋದು ಇಲ್ಲ" ಎಂದ.

ಎಲ್ಲರೂ ಅಲ್ಲಲ್ಲೇ ಕೂತರು. ಹೊತ್ತು ಇಳಿಯುವವರೆಗೆ ಮಾತಾಡುತ್ತ ಕಾದೆವು.